ಒಂಬತ್ತಕ್ಕೆ ಬಿಟ್ಟು ಒಂಬತ್ತೂ ಐವತ್ತಕ್ಕೆ ಸೇರುವ ವಿಮಾನ: ಸಿಂಗಾಪುರ–ಜಕಾರ್ತಾ ಲೆಕ್ಕ

ಮೊನ್ನೆ ಜಕಾರ್ತಾಗೆ ಟಿಕೆಟ್ ಬುಕ್ ಮಾಡಿ ಅದರ ಸ್ಕ್ರೀನ್‌ಶಾಟನ್ನು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಸಿಂಗಾಪುರ ಬಿಡುವುದು ಬೆಳಿಗ್ಗೆ 9:00, ಜಕಾರ್ತಾ ಸೇರುವುದು 9:50. ವಾಪಸ್ ಬರುವ ದಿನ ಜಕಾರ್ತಾ ಬಿಡುವುದು ಸಂಜೆ 5:00, ಸಿಂಗಾಪುರ ಸೇರುವುದು ರಾತ್ರಿ 7:50. ಐದೇ ನಿಮಿಷಕ್ಕೆ ಶಿವಮೊಗ್ಗದಿಂದ ಚಿಕ್ಕಪ್ಪನ ಫೋನ್ ಬಂತು. "ಲೋ, ಹೋಗೋಕೆ ಐವತ್ತು ನಿಮಿಷ, ಬರೋಕೆ ಮೂರು ಗಂಟೆ ಅಂತಿದೆಯಲ್ಲೋ. ಹೋಗ್ತಾ ಇಳಿಜಾರು, ಬರ್ತಾ ಆಗುಂಬೆ ಘಾಟಿನಾ?"

ಚಿಕ್ಕಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. ದೂರ, ವೇಗ, ಟೈಮು ಅಂದರೆ ಅವರಿಗೆ ಬಾಯಿಪಾಠ. "ಜಕಾರ್ತಾ ಗಡಿಯಾರ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ ಚಿಕ್ಕಪ್ಪ, ಅಷ್ಟೇ" ಅಂದೆ. ಅಷ್ಟಕ್ಕೆ ಬಿಡುವ ಪೈಕಿ ಅಲ್ಲ ಅವರು. "ಸರಿ, ಒಂದು ಗಂಟೆ ಸೇರಿಸಿದೆ. ಒಂದು ಗಂಟೆ ಐವತ್ತು ನಿಮಿಷ ಆಯ್ತು. ದೂರ ಎಂಟುನೂರ ಎಂಬತ್ತು ಕಿಲೋಮೀಟರ್ ಅಂತೀಯ. ವಿಮಾನ ಗಂಟೆಗೆ ಎಂಟುನೂರ ಐವತ್ತು ಹೋಗುತ್ತೆ ಅಂತೀಯ. ಹಂಗಾದ್ರೆ ಗಂಟೆ ಚಿಲ್ಲರೆಗೆ ಮುಗೀಬೇಕಲ್ವಾ? ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಯ್ತು?"

ಒಳ್ಳೆ ಪ್ರಶ್ನೆ. ಕೆಲಸದ ಮೇಲೆ ಈ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದರೂ ನಾನೇ ಕೂತು ಲೆಕ್ಕ ಹಾಕಿರಲಿಲ್ಲ. ಫೋನಿನಲ್ಲಿ ಅವರಿಗೆ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ದೂರದ ಕಥೆ. ಸಿಂಗಾಪುರದಿಂದ ಜಕಾರ್ತಾ ಎಷ್ಟು ದೂರ ಅಂತ ಇಂಟರ್ನೆಟ್‌ನಲ್ಲಿ ಹುಡುಕಿ ನೋಡಿ. ಒಂದು ಕಡೆ 880, ಇನ್ನೊಂದು ಕಡೆ 890, ಮತ್ತೊಂದು ಕಡೆ 547, ಮಗದೊಂದು ಕಡೆ 475. ಯಾವುದನ್ನು ನಂಬೋದು? ಎಲ್ಲವೂ ಸರಿಯೇ, ಅದೇ ತಮಾಷೆ. 880 ಅನ್ನೋದು ಸಿಂಗಾಪುರದ ಚಾಂಗಿ ಏರ್‌ಪೋರ್ಟ್‌ನಿಂದ ಜಕಾರ್ತಾದ ಸುಕರ್ನೊ–ಹತ್ತಾ ಏರ್‌ಪೋರ್ಟ್‌ಗೆ ನೇರ ಗೆರೆ ಎಳೆದರೆ ಸಿಗುವ ಕಿಲೋಮೀಟರ್. 547 ಅದೇ ದೂರ, ಮೈಲಿಯಲ್ಲಿ. 475 ಕೂಡ ಅದೇ ದೂರ, ಆದರೆ ನಾಟಿಕಲ್ ಮೈಲಿಯಲ್ಲಿ. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಲೋಮೀಟರ್. ಹಡಗಿನವರು, ಪೈಲಟ್‌ಗಳು ಎಲ್ಲರೂ ಇದರಲ್ಲೇ ಮಾತಾಡುವುದು.

890 ಆಸುಪಾಸಿನ ಸಂಖ್ಯೆ ಮಾತ್ರ ಬೇರೆ. ಅದು ಏರ್‌ಪೋರ್ಟ್ ಲೆಕ್ಕ ಅಲ್ಲ, ಊರಿನ ನಡುಮಧ್ಯದಿಂದ ಊರಿನ ನಡುಮಧ್ಯಕ್ಕೆ. ಚಾಂಗಿ ಇರುವುದು ಸಿಂಗಾಪುರ ದ್ವೀಪದ ಪೂರ್ವದ ತುದಿಯಲ್ಲಿ. ಸುಕರ್ನೊ–ಹತ್ತಾ ಇರುವುದು ಜಕಾರ್ತಾದ ಪಶ್ಚಿಮಕ್ಕೆ, ನಿಜ ಹೇಳಬೇಕೆಂದರೆ ಜಕಾರ್ತಾದ ಗಡಿಯೊಳಗೇ ಇಲ್ಲ, ಪಕ್ಕದ ಬಾಂಟೆನ್ ಪ್ರಾಂತ್ಯದ ತಂಗೆರಾಂಗ್‌ನಲ್ಲಿದೆ. ಜಕಾರ್ತಾ ಇರುವುದು ಸಿಂಗಾಪುರದ ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿ. ಹೀಗಾಗಿ ಒಂದು ಏರ್‌ಪೋರ್ಟ್ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಸರಿದು ಹತ್ತು ಕಿಲೋಮೀಟರ್ ಉಳಿದುಬಿಡುತ್ತದೆ. ಟಿಕೆಟ್ ಮೇಲೆ ಜಕಾರ್ತಾಗೆ ಸಿಜಿಕೆ ಅಂತ ಕೋಡ್ ಇರುತ್ತದಲ್ಲ, ಅದು ಬಂದಿರುವುದು ಅಲ್ಲೇ ಪಕ್ಕದ ಚೆಂಗ್ಕಾರೆಂಗ್ ಅನ್ನುವ ಜಾಗದ ಹೆಸರಿನಿಂದ.

ಈ 880ನ್ನು ಹೈಸ್ಕೂಲ್ ಗಣಿತದಲ್ಲೇ ಹಾಕಬಹುದು. ಒಂದು ಕಾಗದ ತಗೊಳ್ಳಿ. ಚಾಂಗಿ ಸಮಭಾಜಕ ವೃತ್ತದಿಂದ ಉತ್ತರಕ್ಕೆ 1.36 ಡಿಗ್ರಿಯಲ್ಲಿದೆ. ಸುಕರ್ನೊ–ಹತ್ತಾ ದಕ್ಷಿಣಕ್ಕೆ 6.13 ಡಿಗ್ರಿಯಲ್ಲಿದೆ. ಎರಡೂ ಸೇರಿ 7.49 ಡಿಗ್ರಿ. ರೇಖಾಂಶದಲ್ಲಿ ಎರಡರ ನಡುವೆ 2.67 ಡಿಗ್ರಿ ವ್ಯತ್ಯಾಸ. ಸಮಭಾಜಕದ ಹತ್ತಿರ ಉತ್ತರ–ದಕ್ಷಿಣ ಹೋದರೆ ಒಂದು ಡಿಗ್ರಿಗೆ 110.6 ಕಿಮೀ, ಪೂರ್ವ–ಪಶ್ಚಿಮ ಹೋದರೆ 111.3 ಕಿಮೀ. ಅಂದರೆ ಕೆಳಕ್ಕೆ 828, ಅಡ್ಡಕ್ಕೆ 297. ಇನ್ನು ಪೈಥಾಗೊರಸ್ ಸಾಕು: 828ರ ವರ್ಗ, 297ರ ವರ್ಗ, ಕೂಡಿಸಿ ವರ್ಗಮೂಲ ತೆಗೆದರೆ 880. ಭೂಮಿ ದುಂಡಗಿದೆ, ಪೈಥಾಗೊರಸ್ ಚಪ್ಪಟೆ ಕಾಗದದ ಮೇಲೆ ತಾನೆ ನಡೆಯೋದು ಅಂತ ಕೇಳಬಹುದು. ಹೌದು. ಬೆಂಗಳೂರಿನಿಂದ ಲಂಡನ್‌ಗೆ ಹೀಗೆ ಲೆಕ್ಕ ಹಾಕಿದರೆ ಎಲ್ಲ ಎಡವಟ್ಟಾಗುತ್ತದೆ. ಆದರೆ ಸಮಭಾಜಕದ ಹತ್ತಿರ, ಅದೂ ಇಷ್ಟು ಚಿಕ್ಕ ದೂರಕ್ಕೆ, ಭೂಮಿಯ ದುಂಡು ಲೆಕ್ಕಕ್ಕೇ ಬರುವುದಿಲ್ಲ. ನಕ್ಷೆ ಮೇಲೆ ಸ್ಕೇಲ್ ಇಟ್ಟು ಎಳೆದರೂ ನಡೆಯುತ್ತದೆ.

ನಮ್ಮ ಕಡೆಯ ಅಂದಾಜು ಬೇಕಿದ್ದರೆ, ಬೆಂಗಳೂರಿನಿಂದ ಮುಂಬೈಗೆ ವಿಮಾನದ ದಾರಿ ಸುಮಾರು 830 ಕಿಮೀ. ಅದಕ್ಕಿಂತ ಒಂದು ಐವತ್ತು ಜಾಸ್ತಿ. ಆ ಟಿಕೆಟ್‌ನಲ್ಲೂ ಹೆಚ್ಚುಕಮ್ಮಿ ಒಂದೂ ಮುಕ್ಕಾಲು ಗಂಟೆಯೇ ಬರೆದಿರುತ್ತದೆ. ಹಾಗಾಗಿ ಚಿಕ್ಕಪ್ಪ ಕೇಳಿದ ಆ ಮುಕ್ಕಾಲು ಗಂಟೆ ಸಿಂಗಾಪುರದ್ದೊಂದೇ ಸಮಸ್ಯೆ ಅಲ್ಲ.

ಅದು ಎಲ್ಲಿ ಹೋಗುತ್ತದೆ ಅಂತ ಅವರಿಗೆ ಹೇಳುವುದು ಸುಲಭವಾಯಿತು. "ಚಿಕ್ಕಪ್ಪ, ನಿಮ್ಮ ಶಿವಮೊಗ್ಗ–ಬೆಂಗಳೂರು ಬಸ್ಸಿನ ಟೈಮು ಎಲ್ಲಿಂದ ಎಲ್ಲಿಗೆ?" ಅಂದೆ. "ಸ್ಟ್ಯಾಂಡ್‌ನಿಂದ ಸ್ಟ್ಯಾಂಡಿಗೆ." "ತುಮಕೂರು ಹೈವೇಲಿ ಎಂಬತ್ತರಲ್ಲಿ ಹೋಗ್ತಿದ್ರಿ ಅಂತ ಇಡೀ ದೂರವನ್ನ ಎಂಬತ್ತರಿಂದ ಭಾಗಿಸಿದ್ರೆ?" "ಯಾವನಾದ್ರೂ ಹಂಗೆ ಟೈಮ್ ಹಾಕಿ ಕೊಟ್ಟಿದ್ರೆ ಡಿಪೋಗೆ ಹೋಗಿ ಜಗಳ ಆಡ್ತಿದ್ದೆ."

ವಿಮಾನದ್ದೂ ಅದೇ. ಟಿಕೆಟ್ ಮೇಲಿನ 9:00 ಅಂದರೆ ವಿಮಾನ ನೆಲ ಬಿಡುವ ಹೊತ್ತಲ್ಲ, ಗೇಟ್ ಬಿಡುವ ಹೊತ್ತು. ಬಸ್ಸಿನ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ಹಾಗೇ ನಿಂತ ವಿಮಾನದ ಗಾಲಿಗೂ ಅಡ್ಡ ಕೊಟ್ಟಿರುತ್ತಾರೆ. ಅದನ್ನು ತೆಗೆದು ವಿಮಾನ ಅಲುಗಾಡಿದ ಕ್ಷಣದಿಂದ, ಆ ಕಡೆ ಗೇಟಿಗೆ ಹೋಗಿ ನಿಂತು ಮತ್ತೆ ಗಾಲಿಗೆ ಅಡ್ಡ ಕೊಡುವ ತನಕ ಎಷ್ಟು ಹೊತ್ತೋ ಅದಕ್ಕೆ ಬ್ಲಾಕ್ ಟೈಮ್ ಅನ್ನುತ್ತಾರೆ. ಟಿಕೆಟ್‌ನಲ್ಲಿ ಇರುವುದು ಇದೇ.

ಈ ಒಂದು ಗಂಟೆ ಐವತ್ತು ನಿಮಿಷವನ್ನು ಬಿಚ್ಚಿ ನೋಡೋಣ. ವಿಮಾನ ಹಿಂದಕ್ಕೆ ತಳ್ಳಿಸಿಕೊಂಡು, ಇಂಜಿನ್ ಚಾಲೂ ಮಾಡಿ, ಚಾಂಗಿಯ ಉದ್ದುದ್ದ ದಾರಿಗಳಲ್ಲಿ ತೆವಳಿ, ಮುಂದಿನವರ ಸರದಿ ಮುಗಿಯುವ ತನಕ ಕಾದು ರನ್‌ವೇಗೆ ಬರುವಷ್ಟರಲ್ಲಿ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಏರಬೇಕು. ಹತ್ತು ಸಾವಿರ ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿಮೀ ವೇಗದ ಮಿತಿ ಇರುತ್ತದೆ. ಎಂಟುನೂರ ಐವತ್ತು ಅನ್ನೋದೆಲ್ಲ ಮೇಲೆ ಹೋದ ಮೇಲೆ. ಮೂವತ್ತೈದು ಸಾವಿರ ಅಡಿ ಏರಲು ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಸುಮಾರು 200 ಕಿಮೀ ಹೋಗಿರುತ್ತದೆ.

ಇಳಿಯುವುದಕ್ಕೆ ಪೈಲಟ್‌ಗಳ ಹತ್ತಿರ ಒಂದು ಬಾಯಿಲೆಕ್ಕ ಇದೆ, ನನಗೆ ತುಂಬಾ ಇಷ್ಟ. ಎಷ್ಟು ಸಾವಿರ ಅಡಿ ಇಳಿಯಬೇಕೋ ಅದನ್ನು ಮೂರರಿಂದ ಗುಣಿಸು, ಅಷ್ಟು ನಾಟಿಕಲ್ ಮೈಲಿ ಇರುವಾಗಲೇ ಇಳಿಯೋಕೆ ಶುರು ಮಾಡು. ಮೂವತ್ತೈದು ಸಾವಿರ ಅಡಿಯಿಂದ ಅಂದರೆ 105 ನಾಟಿಕಲ್ ಮೈಲಿ, ಅಂದರೆ 195 ಕಿಮೀ. ಏರಲು 200, ಇಳಿಯಲು 195. 880ರಲ್ಲಿ ಇವೆರಡನ್ನು ಕಳೆದರೆ ಉಳಿಯುವುದು 485 ಕಿಮೀ. ಜೋರಾಗಿ ಸಮನಾಗಿ ಹೋಗುವುದು ಇಷ್ಟೇ, ಮೂವತ್ತೈದು ನಿಮಿಷ. ಗಗನಸಖಿಯರು ಆ ಮೂವತ್ತೈದು ನಿಮಿಷದಲ್ಲಿ ಇಡೀ ವಿಮಾನಕ್ಕೆ ತಿಂಡಿ ಹಂಚಿ, ಟೀ ಕೊಟ್ಟು, ತಟ್ಟೆ ವಾಪಸ್ ತೆಗೆದುಕೊಂಡು ಹೋಗುವುದನ್ನು ನೋಡಬೇಕು, ನಮ್ಮ ಮದುವೆ ಮನೆಯ ಎರಡನೇ ಪಂಕ್ತಿಯ ಬಡಿಸಾಟ ನೆನಪಾಗುತ್ತದೆ. ಮೊದಲೇ ಹೇಳಿಟ್ಟ ವೆಜ್ ಊಟವನ್ನು ಎಲ್ಲರಿಗಿಂತ ಮುಂಚೆ ತಂದುಕೊಡುತ್ತಾರೆ, ಅದೊಂದು ಲಾಭ. ಕಾಫಿ ಬಿಸಿ ಅಂತ ಆರಿಸಿಕೊಂಡು ಕೂತರೆ ಕಪ್ ತಗೊಂಡು ಹೋಗಿಯೇ ಬಿಡುತ್ತಾರೆ. ನನ್ನದು ಎರಡು ಸಲ ಹಾಗೆ ಹೋಗಿದೆ.

ಇಳಿಯಲು ಮೂವತ್ತು ನಿಮಿಷದ ಹತ್ತಿರ, ಇಳಿದ ಮೇಲೆ ಗೇಟಿಗೆ ಹೋಗಲು ಇನ್ನೊಂದು ಹತ್ತು ನಿಮಿಷ. ಎಲ್ಲ ಕೂಡಿಸಿ: ನೆಲದ ಮೇಲೆ ಅರ್ಧ ಗಂಟೆಗೆ ಸ್ವಲ್ಪ ಕಮ್ಮಿ, ಗಾಳಿಯಲ್ಲಿ ಗಂಟೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಒಂದೂ ಮುಕ್ಕಾಲು, ಒಂದು ಐವತ್ತರ ಹತ್ತಿರ ಬಂದು ನಿಂತಿತಲ್ಲ. ಚಿಕ್ಕಪ್ಪನ ಮುಕ್ಕಾಲು ಗಂಟೆ ಸಿಕ್ಕಿತು.

ಸ್ವಲ್ಪ ಜಾಣತನವೂ ಇದರಲ್ಲಿ ಸೇರಿದೆ, ಮುಚ್ಚಿಡುವುದೇಕೆ. ಬರೆದ ಟೈಮಿಗಿಂತ ಹದಿನೈದು ನಿಮಿಷದೊಳಗೆ ಬಂದರೆ ವಿಮಾನ ಲೇಟ್ ಅಲ್ಲ ಅನ್ನೋದು ಈ ವ್ಯವಹಾರದ ಪದ್ಧತಿ. ಅದರ ಜೊತೆಗೆ ವೇಳಾಪಟ್ಟಿಯಲ್ಲೇ ಒಂದಿಷ್ಟು ನಿಮಿಷ ಸಡಿಲ ಇಟ್ಟಿರುತ್ತಾರೆ. ಇಪ್ಪತ್ತು ನಿಮಿಷ ತಡವಾಗಿ ಹೊರಟ ವಿಮಾನ ಸರಿಯಾದ ಟೈಮಿಗೆ ಇಳಿದಾಗ ಪೈಲಟ್ ಮೇಲೆ ಭಾರೀ ಜೋರಾಗಿ ಓಡಿಸಿದ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅವನು ಮಾಮೂಲಿನಂತೆಯೇ ಓಡಿಸಿರುತ್ತಾನೆ, ಉಳಿದದ್ದು ಆ ಸಡಿಲ. ಚಿಕ್ಕಪ್ಪ ಇದಕ್ಕೆ ನಕ್ಕರು. ಬಸ್ಸಿನಲ್ಲೂ ಇತ್ತಂತೆ.

ಈಗ ಒಂದೇ ದಾರಿಯಲ್ಲಿ ಒಂದು ದಿನ ಗಂಟೆ ಹದಿನೈದು ನಿಮಿಷ, ಇನ್ನೊಂದು ದಿನ ಗಂಟೆ ಮೂವತ್ತೈದು ನಿಮಿಷ ಗಾಳಿಯಲ್ಲಿರುವುದು ಏಕೆ ಅನ್ನೋದು ಉಳಿಯಿತು. ಗಾಳಿ ಅಂತ ಥಟ್ಟನೆ ಹೇಳಬಹುದು. ಬೆಂಗಳೂರಿನಿಂದ ಲಂಡನ್‌ಗೆ ಹೋಗಲು ಜಾಸ್ತಿ ಹೊತ್ತು, ಬರಲು ಕಮ್ಮಿ, ಏಕೆಂದರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಹೊಳೆಯಂಥ ಗಾಳಿ ಹರಿಯುತ್ತದೆ. ಆದರೆ ಸಮಭಾಜಕದ ಮೇಲೆ ಆ ಹೊಳೆ ಇಲ್ಲ. ಇರುವ ಗಾಳಿಯೂ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ, ನಮ್ಮ ವಿಮಾನ ಉತ್ತರ–ದಕ್ಷಿಣ ಹೋಗುತ್ತಿರುತ್ತದೆ, ಹಾಗಾಗಿ ಅದು ಪಕ್ಕದಿಂದ ಬರುವ ಗಾಳಿ. ಹೋಗಲೂ ಬರಲೂ ಹೆಚ್ಚುಕಮ್ಮಿ ಒಂದೇ.

ನಿಜವಾದ ವ್ಯತ್ಯಾಸ ನೆಲದ ಹತ್ತಿರದ ಗಾಳಿಯಿಂದ, ಅದೂ ರನ್‌ವೇ ಮೂಲಕ. ವಿಮಾನ ಸಾಮಾನ್ಯವಾಗಿ ಎದುರುಗಾಳಿಗೆ ಮುಖ ಮಾಡಿ ಏರುತ್ತದೆ, ಎದುರುಗಾಳಿಗೆ ಮುಖ ಮಾಡಿಯೇ ಇಳಿಯುತ್ತದೆ. ಚಾಂಗಿಯ ರನ್‌ವೇಗಳು ಹೆಚ್ಚುಕಮ್ಮಿ ಉತ್ತರ–ದಕ್ಷಿಣ ಮಲಗಿವೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಇಲ್ಲಿ ಈಶಾನ್ಯ ಮಾನ್ಸೂನ್, ಗಾಳಿ ಉತ್ತರದ ಕಡೆಯಿಂದ. ಆಗ ಜಕಾರ್ತಾಗೆ ಹೋಗುವ ವಿಮಾನ ಮೊದಲು ಉತ್ತರಕ್ಕೆ, ಅಂದರೆ ಜಕಾರ್ತಾಗೆ ಬೆನ್ನು ಹಾಕಿ ಹಾರಿ, ಆಮೇಲೆ ದೊಡ್ಡ ಸುತ್ತು ಹೊಡೆದು ದಕ್ಷಿಣಕ್ಕೆ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯ ಮಾನ್ಸೂನ್, ಗಾಳಿ ದಕ್ಷಿಣದಿಂದ. ಆಗ ರನ್‌ವೇ ಬಿಟ್ಟ ಮುಖದಲ್ಲೇ ನೇರ ಜಕಾರ್ತಾ ಕಡೆಗೆ. ನಮ್ಮೂರಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಇಲ್ಲಿ ನನಗೆ ಐದು ನಿಮಿಷ ಉಳಿಸಿಕೊಡುತ್ತದೆ ಅಂತ ಗೊತ್ತಾದಾಗ ಸುಮ್ನೆ ಖುಷಿಯಾಯಿತು. ಜಕಾರ್ತಾದಲ್ಲಿ ರನ್‌ವೇಗಳು ಹೆಚ್ಚುಕಮ್ಮಿ ಪೂರ್ವ–ಪಶ್ಚಿಮ. ಉತ್ತರದಿಂದ ಬರುವ ವಿಮಾನ ಹೇಗಿದ್ದರೂ ಒಂದು ಕಡೆ ತಿರುಗಲೇಬೇಕು.

ಇದರ ಮೇಲೆ ಮೋಡ. ಮಧ್ಯಾಹ್ನದ ಮೇಲೆ ಜಾವಾ ದ್ವೀಪದ ಮೇಲೆ ಗುಡುಗಿನ ಮೋಡಗಳು ಎದ್ದು ನಿಲ್ಲುತ್ತವೆ. ಜಕಾರ್ತಾದ ದಕ್ಷಿಣಕ್ಕಿರುವ ಬೋಗೋರ್ ಊರಿಗೆ ಮಳೆನಗರ ಅಂತಲೇ ಹೆಸರು, ಅಷ್ಟು ಮಳೆ. ಉಷ್ಣವಲಯದ ಈ ಮೋಡಗಳು ಐವತ್ತು ಸಾವಿರ ಅಡಿ ಮುಟ್ಟುವುದೂ ಉಂಟು. ಅವುಗಳ ಮೇಲಿಂದ ಹಾರಿಹೋಗಲು ಆಗದು, ಒಳಗೆ ನುಗ್ಗಲು ಯಾರೂ ಹೋಗುವುದಿಲ್ಲ, ಪಕ್ಕಕ್ಕೆ ಸುತ್ತಿಕೊಂಡು ಹೋಗಬೇಕು. ಸಿಂಗಾಪುರಕ್ಕೆ ಅದರದೇ ಆದ ಕಾಟ ಇದೆ, ಸುಮಾತ್ರಾ ಕಡೆಯಿಂದ ಬೆಳಗಿನ ಜಾವ ಸಾಲಾಗಿ ಬಂದು ಅಪ್ಪಳಿಸುವ ಬಿರುಗಾಳಿ ಮಳೆ. ಇಲ್ಲಿನವರು ಅದನ್ನು ಸುಮಾತ್ರಾ ಅಂತಲೇ ಕರೆಯುತ್ತಾರೆ. ಒಂದು ಸಂಜೆ ಜಕಾರ್ತಾದ ಮೇಲೆ ಕಪ್ಪು ಮೋಡ ಕವಿದು, ನಮ್ಮ ವಿಮಾನ ಸಮುದ್ರದ ಮೇಲೆ ಹಾಗೇ ಗಿರಕಿ ಹೊಡೆಯುತ್ತಾ ಇತ್ತು. ಎದುರಿನ ಪರದೆಯ ನಕ್ಷೆಯಲ್ಲಿ ನಾವು ಬಂದ ದಾರಿ ಜಿಲೇಬಿಯ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಕಣ್ಣು ಮುಚ್ಚಿ ಜಪಮಾಲೆ ತಿರುಗಿಸುತ್ತಿದ್ದರು. ನಾನು ನಿಮಿಷ ಎಣಿಸುತ್ತಿದ್ದೆ.

ದಾರಿ ಯಾವುದು ಅಂತಲೂ ಹೇಳಿಬಿಡುತ್ತೇನೆ. ಸಿಂಗಾಪುರ ಬಿಟ್ಟ ಕೂಡಲೇ ಕೆಳಗೆ ಬಾತಾಮ್, ಬಿಂತಾನ್ ದ್ವೀಪಗಳು, ಅವು ಆಗಲೇ ಇಂಡೋನೇಷ್ಯಾ. ಸುಮಾರು 150 ಕಿಮೀ ಹೋದಾಗ, ವಿಮಾನ ಇನ್ನೂ ಏರುತ್ತಿರುವಾಗಲೇ, ಲಿಂಗಾ ದ್ವೀಪಗಳ ಹತ್ತಿರ ಸಮಭಾಜಕ ದಾಟುತ್ತೇವೆ. ಯಾರೂ ಮೈಕಿನಲ್ಲಿ ಹೇಳುವುದಿಲ್ಲ. ಆಮೇಲೆ ಬಾಂಕಾ ದ್ವೀಪ, ತವರದ ಗಣಿಗೆ ಹೆಸರಾದ ಜಾಗ. ಗಣಿ ಅಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತು ಮೇಲಿಂದ ಹಸಿರು ನೀಲಿ ಚುಕ್ಕಿಗಳಾಗಿ ಕಾಣುತ್ತವೆ. ಅಲ್ಲಿಂದ ಜಾವಾ ಸಮುದ್ರ, ಕೊನೆಗೆ ಜಕಾರ್ತಾದ ಎದುರಿಗೆ ಚೆಲ್ಲಿರುವ ಸಾವಿರ ದ್ವೀಪಗಳು. ಹೆಸರೇ ಹಾಗೆ, ಸಾವಿರ ಇಲ್ಲ. ಇನ್ನೊಂದು ವಿಚಿತ್ರ: ಆ ಮೊದಲ ದ್ವೀಪಗಳ ಮೇಲಿನ ಆಕಾಶದ ಸಂಚಾರವನ್ನು 1946ರಿಂದ ನೋಡಿಕೊಳ್ಳುತ್ತಿದ್ದದ್ದು ಸಿಂಗಾಪುರ. ನೆಲ ಇಂಡೋನೇಷ್ಯಾದ್ದು, ಮೇಲೆ ಹಾರುವ ವಿಮಾನಕ್ಕೆ ದಾರಿ ಹೇಳುವವರು ಸಿಂಗಾಪುರದವರು. 2022ರ ಜನವರಿಯಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು, 2024ರ ಮಾರ್ಚ್‌ನಿಂದ ಆ ಆಕಾಶದ ಉಸ್ತುವಾರಿ ಇಂಡೋನೇಷ್ಯಾಗೆ ಬರುವ ಹಾಗೆ ಗಡಿ ಸರಿಸಿದವು. ಚಾಂಗಿಯ ಹತ್ತಿರದ ಒಂದು ಭಾಗವನ್ನು ಮಾತ್ರ ಇಂಡೋನೇಷ್ಯಾವೇ ಸಿಂಗಾಪುರಕ್ಕೆ ವಹಿಸಿದೆ. ಒಳಗೆ ಕೂತ ನಮಗೆ ಒಂದು ನಿಮಿಷವೂ ಹೆಚ್ಚುಕಮ್ಮಿ ಇಲ್ಲ.

ವಿಮಾನ ಬೇಡ ಅನ್ನುವವರಿಗೆ ಸೇತುವೆ ಇಲ್ಲ, ರೈಲು ಇಲ್ಲ. ಸಿಂಗಾಪುರದಿಂದ ದೋಣಿಯಲ್ಲಿ ಬಾತಾಮ್‌ಗೆ ಹೋಗಿ, ಅಲ್ಲಿಂದ ಸರ್ಕಾರಿ ಹಡಗು ಹಿಡಿದರೆ ಜಕಾರ್ತಾದ ತಂಜುಂಗ್ ಪ್ರಿಯೊಕ್ ಬಂದರಿಗೆ ಒಂದು ಹಗಲು ಒಂದು ರಾತ್ರಿಗೂ ಮೀರಿ ಬೇಕು.

ಈಗ ಆ ಒಂದು ಗಂಟೆಗೆ ಬರೋಣ. ಚಿಕ್ಕಪ್ಪನಿಗೆ ಸುಮ್ನೆ ಟೈಮ್ ವ್ಯತ್ಯಾಸ ಅಂತ ಹೇಳಿ ದಾಟಿಸಿದ್ದೆನಲ್ಲ, ನಿಜವಾಗಿ ತಲೆಕೆಡಿಸುವ ವಿಷಯ ಇರುವುದು ಇಲ್ಲೇ. ಸೂರ್ಯ ಪೂರ್ವದಲ್ಲಿ ಮೊದಲು ಹುಟ್ಟುತ್ತಾನೆ, ಹಾಗಾಗಿ ಪೂರ್ವದ ಊರಿನ ಗಡಿಯಾರ ಮುಂದಿರಬೇಕು. ಶಾಲೆಯಲ್ಲಿ ಹಾಗೇ ಕಲಿತದ್ದು ಅಲ್ವಾ? ಜಕಾರ್ತಾ ಸಿಂಗಾಪುರಕ್ಕಿಂತ ಪೂರ್ವಕ್ಕಿದೆ. ಆದರೂ ಅದರ ಗಡಿಯಾರ ಒಂದು ಗಂಟೆ ಹಿಂದೆ!

ಹದಿನೈದು ಡಿಗ್ರಿ ರೇಖಾಂಶಕ್ಕೆ ಒಂದು ಗಂಟೆ. ಜಕಾರ್ತಾ 106.7 ಡಿಗ್ರಿಯಲ್ಲಿದೆ, ಭಾಗಿಸಿದರೆ ಗ್ರೀನ್‌ವಿಚ್‌ಗಿಂತ ಏಳು ಗಂಟೆ ಏಳು ನಿಮಿಷ ಮುಂದೆ. ಅದು ಇಟ್ಟುಕೊಂಡಿರುವುದು ಏಳು ಗಂಟೆ. ಪ್ರಾಮಾಣಿಕ ಗಡಿಯಾರ. ಸಿಂಗಾಪುರ 104 ಡಿಗ್ರಿಯ ಹತ್ತಿರ, ಸೂರ್ಯನ ಪ್ರಕಾರ ಆರು ಗಂಟೆ ಐವತ್ತಾರು ನಿಮಿಷ. ಅದು ಇಟ್ಟುಕೊಂಡಿರುವುದು ಎಂಟು ಗಂಟೆ. ಸೂರ್ಯನಿಗಿಂತ ಒಂದು ಗಂಟೆಗೂ ಮುಂದೆ ಓಡುತ್ತಿದೆ. ಅದಕ್ಕೇ ಸಿಂಗಾಪುರದಲ್ಲಿ ವರ್ಷವಿಡೀ ಬೆಳಗಾಗುವುದು ಏಳರ ಸುಮಾರಿಗೆ, ಕತ್ತಲಾಗುವುದು ಸಂಜೆ ಏಳರ ಮೇಲೆ. ಊರಿಂದ ಮೊದಲ ಸಲ ಬಂದ ಅಮ್ಮ ಆರೂವರೆಗೆ ಎದ್ದು ಕಿಟಕಿ ನೋಡಿ, ಗಡಿಯಾರ ಕೆಟ್ಟಿದೆ ಅಂತ ತಿರುಗಿ ಮಲಗಿದ್ದರು. ಮಕ್ಕಳು ಕತ್ತಲಲ್ಲೇ ಸ್ಕೂಲ್ ಬಸ್ ಹತ್ತುತ್ತಾರೆ.

ಇದು ಹೇಗಾಯಿತು ಅನ್ನೋದು ಒಂದು ಚೆಂದದ ಕಥೆ. ಸಿಂಗಾಪುರ 1905ರಲ್ಲಿ ಏಳು ಗಂಟೆ ಇಟ್ಟುಕೊಂಡಿತು, ಸೂರ್ಯನಿಗೆ ಸರಿಯಾಗಿ. 1933ರಲ್ಲಿ ಇಪ್ಪತ್ತು ನಿಮಿಷ ಮುಂದೆ ತಳ್ಳಿದರು, ಸಂಜೆ ಬೆಳಕು ಜಾಸ್ತಿ ಸಿಗಲಿ ಅಂತ. 1941ರಲ್ಲಿ ಇನ್ನೂ ಹತ್ತು ನಿಮಿಷ, ಏಳೂವರೆ ಆಯಿತು. 1942ರಲ್ಲಿ ಜಪಾನಿನವರು ಊರನ್ನು ಹಿಡಿದರು, ಹಿಡಿದ ಕೂಡಲೇ ಟೋಕಿಯೋ ಟೈಮ್ ಹೇರಿದರು, ಒಂಬತ್ತು ಗಂಟೆ. ಆಗ ಸೂರ್ಯ ಮೂಡುವ ಹೊತ್ತಿಗೆ ಗಡಿಯಾರದಲ್ಲಿ ಎಂಟಾಗಿರುತ್ತಿತ್ತು. 1945ರಲ್ಲಿ ಅವರು ಸೋತ ಮೇಲೆ ಮತ್ತೆ ಏಳೂವರೆ.

ಜಕಾರ್ತಾದ್ದೂ ಇಂಥದ್ದೇ ಹಿಂದೆಮುಂದೆ. ಅಲ್ಲೂ ಜಪಾನಿನವರ ಒಂಬತ್ತು ಗಂಟೆ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೆ, 1950ರಿಂದ ಅದು ಏಳೂವರೆಯಲ್ಲಿ ನಿಂತಿತು. ಅಂದರೆ 1950ರಿಂದ 1963ರ ಕೊನೆಯ ತನಕ ಸಿಂಗಾಪುರ, ಜಕಾರ್ತಾ ಎರಡೂ ಕಡೆ ಒಂದೇ ಟೈಮು. ಆಗ ಚಿಕ್ಕಪ್ಪನಿಗೆ ಟಿಕೆಟ್ ತೋರಿಸಿದ್ದರೆ ಫೋನೇ ಬರುತ್ತಿರಲಿಲ್ಲ. 1964ರ ಜನವರಿ 1ಕ್ಕೆ ಇಂಡೋನೇಷ್ಯಾ ಇಡೀ ದೇಶವನ್ನು ಮೂರು ಸಮಯ ವಲಯ ಮಾಡಿ ಜಕಾರ್ತಾಗೆ ಸರಿಯಾಗಿ ಏಳು ಗಂಟೆ ಕೊಟ್ಟಿತು. ಅಲ್ಲಿಗೆ ಅರ್ಧ ಗಂಟೆ ಬಿರುಕು ಬಂತು.

ಇನ್ನರ್ಧ ಗಂಟೆ ಮಲೇಷ್ಯಾದ ದೆಸೆಯಿಂದ. ಮಲೇಷ್ಯಾ ಎರಡು ತುಂಡು, ಕೌಲಾಲಂಪುರ ಇರುವ ಪಶ್ಚಿಮದ ಭಾಗ ಏಳೂವರೆ, ಸಮುದ್ರದಾಚೆಯ ಸಬಾ, ಸರಾವಾಕ್ ಎಂಟು. ಮಹಾತಿರ್ ಮೊಹಮದ್ ಪ್ರಧಾನಿ ಆಗಿದ್ದಾಗ ಇಡೀ ದೇಶಕ್ಕೆ ಒಂದೇ ಟೈಮು ಅಂತ ಪಶ್ಚಿಮದ ಭಾಗವನ್ನೂ ಎಂಟಕ್ಕೆ ತಂದರು. ಸಿಂಗಾಪುರಕ್ಕೆ ಮಲೇಷ್ಯಾ ಅಂದರೆ ಒಂದು ಸೇತುವೆಯಾಚೆ. ದಿನಾ ಸಾವಿರಾರು ಜನ ಅತ್ತಿಂದಿತ್ತ ಹೋಗಿ ಬರುವ ಕಡೆ ಅರ್ಧ ಗಂಟೆ ವ್ಯತ್ಯಾಸ ಇಟ್ಟುಕೊಂಡು ವ್ಯಾಪಾರ ಮಾಡೋದು ಹೇಗೆ? ಸಿಂಗಾಪುರವೂ ಜೊತೆಗೇ ಬದಲಿಸಿತು. 1981ರ ಡಿಸೆಂಬರ್ 31ರ ರಾತ್ರಿ ಹನ್ನೊಂದೂವರೆ ಹೊಡೆದ ಕೂಡಲೇ ಹನ್ನೆರಡು ಅಂತ ಲೆಕ್ಕ, ಹೊಸ ವರ್ಷ ಬಂತು. ಆ ಅರ್ಧ ಗಂಟೆ ಅಲ್ಲಿ ಯಾರ ಬದುಕಿನಲ್ಲೂ ಇಲ್ಲ.

ಹೀಗೆ 1964ರ ಅರ್ಧ, 1982ರ ಅರ್ಧ ಸೇರಿ ನನ್ನ ಟಿಕೆಟ್‌ನ ಒಂದು ಗಂಟೆ. 2012ರಲ್ಲಿ ಇಂಡೋನೇಷ್ಯಾ ಪೂರ್ತಿ ಎಂಟು ಗಂಟೆಗೆ ಬರಲಿ, ಸಿಂಗಾಪುರ ಚೀನಾ ಎಲ್ಲರ ಜೊತೆ ವ್ಯವಹಾರ ಸಲೀಸು ಅಂತ ಒಂದು ಪ್ರಸ್ತಾಪ ಎದ್ದಿತ್ತು. ಜಾರಿಗೆ ಬರಲಿಲ್ಲ. ಬಾಲಿಗೆ ಹೋಗುವವರಿಗೆ ಈ ತಲೆನೋವು ಇಲ್ಲ, 1988ರಿಂದ ಬಾಲಿ ಎಂಟು ಗಂಟೆಯಲ್ಲಿದೆ, ಸಿಂಗಾಪುರದ್ದೇ ಟೈಮು.

ನನ್ನ ಅಭಿಪ್ರಾಯ ಕೇಳಿದರೆ, ಟಿಕೆಟ್ ತೋರಿಸುವ ಆ್ಯಪ್‌ಗಳು ಹೊರಡುವ ಟೈಮು, ಸೇರುವ ಟೈಮನ್ನು ದೊಡ್ಡ ಅಕ್ಷರದಲ್ಲಿ ಹಾಕಿ, ಒಟ್ಟು ಎಷ್ಟು ಹೊತ್ತು ಅನ್ನುವುದನ್ನು ಬೂದು ಬಣ್ಣದಲ್ಲಿ ಚಿಕ್ಕದಾಗಿ ಹಾಕುವುದೇ ತಪ್ಪು. ಆ ಚಿಕ್ಕದನ್ನೇ ಮೊದಲು ನೋಡಬೇಕು. ಇಷ್ಟು ಗೊತ್ತಿದ್ದೂ ನಾನೇ ಒಂದು ಸಲ ಜಕಾರ್ತಾದಿಂದ ಸಂಜೆ ವಾಪಸ್ ಬಂದು ಎಂಟಕ್ಕೆ ಮನೆಯಿಂದ ವಿಡಿಯೋ ಕಾಲ್ ಮಾಡುತ್ತೇನೆ ಅಂತ ಒಪ್ಪಿಕೊಂಡಿದ್ದೆ, ನನ್ನ ತಲೆಯಲ್ಲಿದ್ದ ಎಂಟು ಜಕಾರ್ತಾದ ಎಂಟು. ಸಿಂಗಾಪುರದವರು ಒಂದು ಗಂಟೆ ಕಾದರು.

ಗೇಟಿನಿಂದ ಗೇಟಿಗೆ ಲೆಕ್ಕ ಸರಿಯಾಯಿತು, ಆದರೆ ನಾವು ಇರುವುದು ಗೇಟಿನಲ್ಲಿ ಅಲ್ಲವಲ್ಲ. 9:00ರ ವಿಮಾನಕ್ಕೆ ನಾನು ಮನೆ ಬಿಡುವುದು ಆರೂವರೆಗೆ. ಆ ಕಡೆ ಇಳಿದರೆ ಭಾರತದ ಪಾಸ್‌ಪೋರ್ಟ್‌ನವರಿಗೆ ಅಲ್ಲೇ ಕೊಡುವ ವೀಸಾ ಬೇಕು, ಐದು ಲಕ್ಷ ರುಪಿಯಾ. ಹೆದರಬೇಡಿ, ಅದು ಅವರ ದುಡ್ಡು, ನಮ್ಮ ಮೂರು ಸಾವಿರದ ಹತ್ತಿರ. ಆನ್‌ಲೈನ್‌ನಲ್ಲೇ ಮುಂಚೆ ಕಟ್ಟಿ ಹೋದರೆ ಒಂದು ಸಾಲು ತಪ್ಪುತ್ತದೆ. ಆಮೇಲೆ ಊರೊಳಗೆ ಹೋಗಬೇಕು. ಸುದಿರ್ಮಾನ್ ರಸ್ತೆಯ ಆಫೀಸುಗಳ ಕಡೆಗೆ ಮೂವತ್ತು ಕಿಮೀ ಒಳಗೆ ಇದ್ದರೂ ಜಕಾರ್ತಾ ಟ್ರಾಫಿಕ್ ಅಂದರೆ ನಮ್ಮ ಸಿಲ್ಕ್ ಬೋರ್ಡ್‌ನ ದೊಡ್ಡಣ್ಣ. 2017ರ ಕೊನೆಯಿಂದ ಏರ್‌ಪೋರ್ಟ್ ರೈಲು ಇದೆ, ಮುಕ್ಕಾಲು ಗಂಟೆಯ ಲೆಕ್ಕ. ಮಳೆ ಬರುವ ಹಾಗಿದ್ದರೆ ನಾನು ಕಣ್ಣು ಮುಚ್ಚಿ ಅದನ್ನೇ ಹತ್ತುತ್ತೇನೆ. ಎಲ್ಲ ಸುಸೂತ್ರ ನಡೆದರೆ ಆಫೀಸಿನ ಲಿಫ್ಟ್ ಮುಂದೆ ನಿಲ್ಲುವಾಗ ಅಲ್ಲಿನ ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು, ಸಿಂಗಾಪುರದ ಲೆಕ್ಕದಲ್ಲಿ ಹನ್ನೆರಡೂ ಮುಕ್ಕಾಲು. ಮನೆ ಬಿಟ್ಟು ಆರು ಗಂಟೆ ಕಾಲು. ಅದರಲ್ಲಿ ನೆಲ ಬಿಟ್ಟು ಮೇಲಿದ್ದದ್ದು ಗಂಟೆ ಇಪ್ಪತ್ತು ನಿಮಿಷ.

ವಾಪಸ್ ಬರುವ ಐದು ಗಂಟೆಯ ವಿಮಾನದಲ್ಲಿ ನಾನು ಎಡಗಡೆ ಕಿಟಕಿ ಕೇಳಿ ತಗೊಳ್ಳುತ್ತೇನೆ. ಉತ್ತರಕ್ಕೆ ಹೋಗುವಾಗ ಎಡಕ್ಕೆ ಪಶ್ಚಿಮ. ಬಾಂಕಾ ದಾಟುವ ಹೊತ್ತಿಗೆ ಸುಮಾತ್ರಾ ಕಡೆ ಮೋಡಗಳ ಹಿಂದೆ ಸೂರ್ಯ ಇಳಿಯುತ್ತಿರುತ್ತಾನೆ. ಕೈಗಡಿಯಾರದಲ್ಲಿ ಆರೂ ಚಿಲ್ಲರೆ, ಎದುರಿನ ಪರದೆಯಲ್ಲಿ ಸೇರುವ ಊರಿನ ಟೈಮು ಏಳೂ ಚಿಲ್ಲರೆ. ಹೋದ ಸಲ ಅದರದೊಂದು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಶಿವಮೊಗ್ಗದಲ್ಲಿ ಇನ್ನೂ ಐದೂ ಆಗಿರಲಿಲ್ಲವಂತೆ. "ಮೂರು ಕಡೆ ಮೂರು ಟೈಮು, ಸೂರ್ಯ ಒಬ್ಬನೇ. ಅವನ ರನ್ನಿಂಗ್ ಟೈಮ್ ಎಷ್ಟೋ ಕೇಳು" ಅಂತ ಚಿಕ್ಕಪ್ಪ ಬರೆದರು, ಕಾಫಿ ಕುಡಿಯುತ್ತಾ.